ಗಾಜು ಹಾಕಿದರೆ ಸಾಕಾ, ಪಕ್ಕದಲ್ಲಿ ಒಬ್ಬರು ನಿಂತಿರಬೇಕಾ?

ನೀಲಿಶಾಯಿ:
ಒಂದು ಚಿತ್ರವನ್ನು ಕಣ್ಣಾರೆ ನೋಡಬೇಕೆಂದು ವರ್ಷಗಟ್ಟಲೆ ಆಸೆ ಇಟ್ಟುಕೊಂಡಿದ್ದೆ. ಕೊನೆಗೂ ಹೋದೆ. ಬಾಗಿಲಲ್ಲಿ ಬ್ಯಾಗ್ ಇಡಿಸಿಕೊಂಡರು, ನೀರಿನ ಬಾಟಲಿ ತೆಗೆಸಿದರು, ಛತ್ರಿಯನ್ನೂ ಒಳಗೆ ಬಿಡಲಿಲ್ಲ. ಸರಿ ಅಂದುಕೊಂಡೆ. ಚಿತ್ರದ ಎದುರು ನಿಂತರೆ ಮೊದಲು ಕಂಡಿದ್ದು ನನ್ನದೇ ಮುಖ! ಮುಂದೆ ಗಾಜು. ನನ್ನ ಕನ್ನಡಕ, ಬೆನ್ನ ಹಿಂದಿನ ಕಿಟಕಿ, ಯಾರದೋ ಬಿಳಿ ಅಂಗಿ, ಎಲ್ಲ ಅದರಲ್ಲೇ. ಚಿತ್ರದ ಕಪ್ಪು ಭಾಗದಲ್ಲಂತೂ ಏನು ಬರೆದಿದ್ದಾರೆ ಅನ್ನುವುದೇ ತಿಳಿಯಲಿಲ್ಲ.

ಯಾರೋ ನಾಲ್ಕು ಜನ ಮಾಡಿದ ತಪ್ಪಿಗೆ ನಾವೆಲ್ಲ ಗಾಜು ನೋಡಿಕೊಂಡು ಬರಬೇಕಾ? ಬೇಕಂತಲೇ ಹಾಳು ಮಾಡುವವರು ನಿಜಕ್ಕೂ ಅಷ್ಟೊಂದು ಇದ್ದಾರಾ? ತಿಳಿದವರು ಹೇಳಿ.

ಪ್ರಶ್ನಾರ್ಥಕ:
ಇದ್ದಾರೆ. ಮೊನಾಲಿಸಾ ಒಂದನ್ನೇ ತಗೊಳ್ಳಿ. 1956ರಲ್ಲಿ ಒಬ್ಬ ಆಸಿಡ್ ಎರಚಿದ ಅಂತಾರೆ. ಅದೇ ವರ್ಷ ಇನ್ನೊಬ್ಬ ಕಲ್ಲು ಬೀಸಿದ, ಎಡ ಮೊಣಕೈ ಹತ್ತಿರ ಒಂದು ಚೂರು ಬಣ್ಣ ಉದುರಿತು. 1974ರಲ್ಲಿ ಟೋಕಿಯೊದಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಕೆಂಪು ಬಣ್ಣ ಸಿಂಪಡಿಸಲು ನೋಡಿದರು. 2009ರಲ್ಲಿ ಕಪ್ ಎಸೆದರು. 2022ರಲ್ಲಿ ಒಬ್ಬ ಅಜ್ಜಿ ವೇಷ ಹಾಕಿ, ವೀಲ್‌ಚೇರಿನಲ್ಲಿ ಬಂದು ಕೇಕ್ ಮೆತ್ತಿದ. 2024ರ ಜನವರಿಯಲ್ಲಿ ಕುಂಬಳಕಾಯಿ ಸೂಪ್. ಆ ಕಪ್ಪು, ಕೇಕು, ಸೂಪು ಎಲ್ಲ ಗಾಜಿನ ಮೇಲೇ ಮುಗಿಯಿತು. ಗಾಜು ಇರದಿದ್ದರೆ ನೀವು ಇವತ್ತು ನೋಡಲು ಏನೂ ಉಳಿಯುತ್ತಿರಲಿಲ್ಲ. ಮುಖ ಕಂಡರೆ ಕಾಣಲಿ ಬಿಡಿ.

ಹಗಲುಪಾಳಿ:
ನಾನು 12 ವರ್ಷದಿಂದ ಒಂದು ಗ್ಯಾಲರಿಯಲ್ಲಿ ಗಾರ್ಡ್. ಎಲ್ಲಿ ಅಂತ ಕೇಳಬೇಡಿ. ಗಾಜು ಬೇಡ ಅನ್ನುವುದಿಲ್ಲ. ಆದರೆ ಗಾಜು ಇದ್ದರೆ ಎಲ್ಲ ಆಯಿತು ಅನ್ನುವುದನ್ನು ಒಪ್ಪಲಾರೆ.

1914ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ವೆಲಾಸ್ಕೆಸ್ ಬರೆದ ವೀನಸ್ ಚಿತ್ರವನ್ನು ಒಬ್ಬ ಮಹಿಳೆ ಮಾಂಸ ಕೊಚ್ಚುವ ಕತ್ತಿಯಿಂದ ಕುಯ್ದಳು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವಳು. ಆ ಚಿತ್ರಕ್ಕೆ ಗಾಜು ಇತ್ತು! ಅಲ್ಲಿ ಒಬ್ಬ ಪತ್ತೇದಾರನೂ ಕೂತಿದ್ದ. ಮೊದಲ ಏಟಿಗೆ ಗಾಜು ಒಡೆಯಿತು. ಅವಳೇ ಆಮೇಲೆ ಬರೆದುಕೊಂಡಂತೆ, ಆ ಮನುಷ್ಯ ಪೇಪರ್ ಹಿಡಿದುಕೊಂಡೇ ಎದ್ದು ಮೇಲೆ ಚಾವಣಿಯ ಗಾಜು ನೋಡಿದನಂತೆ. ಅಲ್ಲಿ ರಿಪೇರಿ ನಡೆಯುತ್ತಿತ್ತು, ಅದೇ ಒಡೆದು ಬಿದ್ದಿರಬೇಕು ಅಂದುಕೊಂಡ. ಅವನು ತಲೆ ಕೆಳಗೆ ಮಾಡುವಷ್ಟರಲ್ಲಿ ಅವಳು ಇನ್ನೂ ಹಲವು ಏಟು ಹಾಕಿದ್ದಳು.

ನಮ್ಮ ಕೆಲಸ ಇರುವುದು ಆ ಮೂರು ನಾಲ್ಕು ಸೆಕೆಂಡಿನಲ್ಲಿ. ನಾವು ಚಿತ್ರ ನೋಡುತ್ತಾ ನಿಲ್ಲುವುದಿಲ್ಲ. ಕೈ ನೋಡುತ್ತೇವೆ. ಕೈ ಜೇಬಿನಲ್ಲಿ ಎಷ್ಟು ಹೊತ್ತು ಇದೆ, ಕೋಟಿನ ಒಂದು ಪಕ್ಕ ಯಾಕೆ ಜೋತುಬಿದ್ದಿದೆ, ಎಲ್ಲರೂ ಚಿತ್ರ ನೋಡುವಾಗ ಇವನೊಬ್ಬ ಯಾಕೆ ನನ್ನನ್ನೇ ನೋಡುತ್ತಿದ್ದಾನೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಇರುವುದಿಲ್ಲ. ಹತ್ತಿರ ಹೋಗಿ "ನಮಸ್ಕಾರ, ಇದರ ಬಗ್ಗೆ ಏನಾದರೂ ತಿಳಿಯಬೇಕಾ?" ಅಂತ ಕೇಳಿದರೆ ಸಾಕು. ಕೆಡುಕು ಮನಸ್ಸಿನಲ್ಲಿ ಇಟ್ಟುಕೊಂಡು ಬಂದವನಿಗೆ ಅವನ ಮುಖ ಯಾರೋ ನೋಡಿದರು ಅನ್ನುವುದೇ ದೊಡ್ಡ ಅಡ್ಡಿ.

ಸೋಮಾರಿಓದುಗ:
ಕ್ಯಾಮೆರಾ ಇದೆಯಲ್ಲ? ಗಾರ್ಡ್‌ಗಿಂತ ಅಗ್ಗ. ಊಟಕ್ಕೂ ಹೋಗುವುದಿಲ್ಲ.

ಹಗಲುಪಾಳಿ:
ಕ್ಯಾಮೆರಾ ಓಡಿ ಬರುವುದಿಲ್ಲ ಸರ್. ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ಇದೇ ಲೆಕ್ಕ ಹಾಕಿದರು. ಕೋಣೆಗೆ ಒಬ್ಬರಿದ್ದವರು ಮೂರು ಕೋಣೆಗೆ ಒಬ್ಬರಾದೆವು. ಒಂದು ದಿನ ಮೂರನೇ ಕೋಣೆಗೆ ಹೋಗಿ ನೋಡಿದರೆ ಒಂದು ಚಿತ್ರದ ಅಂಚಿನಲ್ಲಿ ಉಗುರಿನ ಗೀರು, ಕಿರುಬೆರಳಿನಷ್ಟು ಉದ್ದ. ರೆಕಾರ್ಡಿಂಗ್ ತೆಗೆಸಿ ನೋಡಿದಾಗ ಗೀರಿದವನ ಬೆನ್ನು ಚೆನ್ನಾಗಿ ಕಾಣುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

2020ರ ಅಕ್ಟೋಬರ್ 3ರಂದು ಬರ್ಲಿನ್ನಿನ ಮ್ಯೂಸಿಯಂ ದ್ವೀಪದಲ್ಲಿ 60ಕ್ಕೂ ಹೆಚ್ಚು ವಸ್ತುಗಳ ಮೇಲೆ ಯಾರೋ ಎಣ್ಣೆಯಂಥ ದ್ರವ ಚೆಲ್ಲಿ ಹೋದರು. ಜನ ಓಡಾಡುವ ಹೊತ್ತಿನಲ್ಲೇ. ಒಂದಲ್ಲ ಎರಡಲ್ಲ, 60! ಒಂದು ಕಡೆ ಚೆಲ್ಲಿದಾಗ ಯಾರಾದರೂ ಕಂಡಿದ್ದರೆ ಉಳಿದವು ಬಚಾವಾಗುತ್ತಿದ್ದವು, ಅಲ್ವಾ?

ಸೋಮಾರಿಓದುಗ:
ಒಪ್ಪಿದೆ. ಆದರೆ ಗಾರ್ಡ್ ಬಗ್ಗೆಯೂ ಒಂದು ಕಥೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. 2021ರ ಡಿಸೆಂಬರ್‌ನಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ಒಂದು ಪ್ರದರ್ಶನ. ಅನ್ನಾ ಲೆಪೋರ್ಸ್ಕಯಾ ಅವರ ಚಿತ್ರ, ಮೂರು ಆಕೃತಿಗಳು, ಮುಖದಲ್ಲಿ ಕಣ್ಣು ಮೂಗು ಏನೂ ಇಲ್ಲ. ಕಾವಲಿಗೆ ಇದ್ದವನೇ ಬಾಲ್ ಪೆನ್ ತೆಗೆದು ಎರಡು ಮುಖಕ್ಕೆ ಕಣ್ಣು ಬರೆದುಬಿಟ್ಟ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಹಗಲುಪಾಳಿ:
ಬೇಜಾರಿಲ್ಲ, ಅದು ನಮ್ಮ ಕೆಲಸದವರೆಲ್ಲರ ಬಾಯಲ್ಲೂ ಇರುವ ಕಥೆ. ಅವನು ಕೆಲಸಕ್ಕೆ ಬಂದ ಮೊದಲ ದಿನವಂತೆ. ನನಗೆ ಅಲ್ಲಿ ಕಾಣುವುದು ಇಷ್ಟೇ. ಯಾರನ್ನೋ ಕರೆದು ಸಮವಸ್ತ್ರ ತೊಡಿಸಿ, ಗೋಡೆಯ ಮೇಲಿರುವುದು ಏನು ಅಂತ ಒಂದು ಮಾತು ಹೇಳದೆ ನಿಲ್ಲಿಸಿದರೆ ಎಂಟು ಗಂಟೆ ಅವನು ಏನು ಮಾಡಬೇಕು?

ಹತ್ತಿಕಡ್ಡಿ:
ನನ್ನದು ಚಿತ್ರ ಸರಿಪಡಿಸುವ ಕೆಲಸ. ಹೆಸರು ನೋಡಿದರೆ ಗೊತ್ತಾಗಬೇಕು, ದಿನವಿಡೀ ಕೈಯಲ್ಲಿ ಇರುವುದು ಹತ್ತಿ ಸುತ್ತಿದ ಕಡ್ಡಿ. ಏಟು ಬಿದ್ದ ಮೇಲೆ ಏನಾಗುತ್ತದೆ ಅನ್ನುವುದನ್ನು ಹೇಳುತ್ತೇನೆ.

ಮೊದಲ ಕೆಲವು ನಿಮಿಷ ಎಲ್ಲದಕ್ಕಿಂತ ಮುಖ್ಯ. ರೆಂಬ್ರಾಂಟನ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. 1985ರ ಜೂನ್ 15ರಂದು ರಷ್ಯಾದ ಹರ್ಮಿಟೇಜ್ ಮ್ಯೂಸಿಯಂನಲ್ಲಿ ಒಬ್ಬ 'ಡನಾಯಿ' ಚಿತ್ರಕ್ಕೆ ಎರಡು ಸಲ ಚಾಕು ಹಾಕಿ ಸಲ್ಫ್ಯೂರಿಕ್ ಆಸಿಡ್ ಎರಚಿದ. ಇಲ್ಲಿರುವುದರಲ್ಲಿ ಬೆಲೆ ಜಾಸ್ತಿ ಇರುವ ಚಿತ್ರ ಯಾವುದು ಅಂತ ಅಲ್ಲಿನ ಸಿಬ್ಬಂದಿಯನ್ನೇ ಮೊದಲು ಕೇಳಿದ್ದನಂತೆ. ನೀರು ಹಾಕಿ ತೊಳೆದರು, ಆದರೂ ನಡುಭಾಗದ ಬಣ್ಣ ಕರಗಿ ಹರಿದಿತ್ತು. ಸರಿಪಡಿಸಲು 12 ವರ್ಷ ಹಿಡಿಯಿತು. 1997ರಲ್ಲಿ ಮತ್ತೆ ಗೋಡೆಗೆ ಬಂತು, ಈ ಸಲ ಗಟ್ಟಿ ಗಾಜಿನ ಹಿಂದೆ. ಕೆಲವು ಕಡೆ ರೆಂಬ್ರಾಂಟನ ಕೈಯ ಬಣ್ಣ ಹೋದದ್ದು ಹೋಯಿತು, ಅದನ್ನು ಯಾರೂ ವಾಪಸ್ ತರಲಾರರು.

ಆಮ್‌ಸ್ಟರ್‌ಡ್ಯಾಮಿನ 'ನೈಟ್ ವಾಚ್' ಮೇಲೂ 1990ರಲ್ಲಿ ಆಸಿಡ್ ಬಿತ್ತು. ಅಲ್ಲಿನ ಗಾರ್ಡ್‌ಗಳು ಕೂಡಲೇ ನೀರು ಹೊಡೆದರು. ಆಸಿಡ್ ವಾರ್ನಿಷ್ ದಾಟಿ ಒಳಗಿನ ಬಣ್ಣಕ್ಕೆ ಇಳಿಯಲಿಲ್ಲ. ವಾರ್ನಿಷ್ ಅಂದರೆ ಬಣ್ಣದ ಮೇಲೆ ಬಳಿದ ತೆಳ್ಳಗಿನ ಪಾರದರ್ಶಕ ಪದರ. ಅದು ಹೋದರೆ ತೆಗೆದು ಹೊಸದು ಬಳಿಯಬಹುದು. ಹಗಲುಪಾಳಿಯವರು ಸೆಕೆಂಡಿನ ಲೆಕ್ಕ ಹೇಳಿದರಲ್ಲ, ಇಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಹಾಗಂತ ಎಲ್ಲದಕ್ಕೂ ನೀರು ಹಾಕಬೇಡಿ ಮತ್ತೆ! ಕಾಗದದ ಮೇಲಿನ ಚಿತ್ರಕ್ಕೆ ನೀರೇ ಶತ್ರು. ಸೂಪ್ ಬಿದ್ದರೆ ಗಾಬರಿಯಲ್ಲಿ ಬಟ್ಟೆ ತಗೊಂಡು ಉಜ್ಜಬಾರದು. ಒಡೆದರೆ ಒಂದು ಕಾಳಿನಷ್ಟು ಚೂರನ್ನೂ ಬಿಡದೆ, ಯಾವುದು ಎಲ್ಲಿ ಬಿದ್ದಿತ್ತು ಅಂತ ಫೋಟೋ ತೆಗೆದು ಆಮೇಲೆ ಎತ್ತಬೇಕು. ಮೈಕೆಲೇಂಜಲೋನ 'ಪಿಯೆಟಾ' ಅಂದರೆ ಸತ್ತ ಯೇಸುವನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿ ಮೇರಿಯ ಕಲ್ಲಿನ ಮೂರ್ತಿ. 1972ರಲ್ಲಿ ಅದಕ್ಕೆ ಸುತ್ತಿಗೆ ಏಟು ಬಿದ್ದಾಗ ತಾಯಿಯ ತೋಳು ಮೊಣಕೈಯಲ್ಲಿ ಮುರಿಯಿತು, ಮೂಗು ಹಾರಿತು. ಅಲ್ಲಿ ನಿಂತಿದ್ದ ಜನ ಚೂರುಗಳನ್ನು ಎತ್ತಿಕೊಂಡು ಹೋದರು. ಕೆಲವು ವಾಪಸ್ ಬಂದವು, ಕೆಲವು ಬರಲೇ ಇಲ್ಲ. ಕೊನೆಗೆ ಅದೇ ಮೂರ್ತಿಯ ಬೆನ್ನಿನಿಂದ ಕಲ್ಲು ಕತ್ತರಿಸಿ ಮೂಗು ಕಟ್ಟಿದರು. ಸುತ್ತಿಗೆ ಹಿಡಿದವನು ಒಬ್ಬ. ಚೂರು ಜೇಬಿಗೆ ಹಾಕಿಕೊಂಡವರು ನಮ್ಮ ನಿಮ್ಮಂಥ ಪ್ರವಾಸಿಗಳು. ನನಗೆ ಜಾಸ್ತಿ ಸಿಟ್ಟು ಬರುವುದು ಅವರ ಮೇಲೆ.

ಇನ್ನು ಹರಿದ ಕ್ಯಾನ್ವಾಸ್. ಅದು ಬಟ್ಟೆ ತಾನೆ? ಚಾಕು ಹೋದ ಜಾಗದಲ್ಲಿ ಹಾಸು ಹೊಕ್ಕು ಎರಡೂ ತುಂಡಾಗಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಎಳೆಯ ತುದಿಯನ್ನು ಅದರ ಜೋಡಿಗೆ ತಂದು ಅಂಟಿಸುತ್ತೇವೆ. ಒಂದು ಇಡೀ ದಿನ ಕೂತರೂ ಕೆಲಸ ಬೆರಳಿನಗಲ ಮುಂದೆ ಹೋಗದೇ ಇರಬಹುದು. ಏಳುವಾಗ ಕುತ್ತಿಗೆ ತಿರುಗುವುದಿಲ್ಲ.

ನೀಲಿಶಾಯಿ:
ಅಬ್ಬಾ. ಬೆನ್ನಿನಿಂದ ಮೂಗು ಮಾಡಿದ್ದು ಗೊತ್ತಿರಲಿಲ್ಲ. ಒಂದು ಸಣ್ಣ ಅನುಮಾನ. ವಾರ್ನಿಷ್ ಅಷ್ಟು ಒಳ್ಳೆಯದಾದರೆ ಎಲ್ಲ ಚಿತ್ರಕ್ಕೂ ಬಳಿದುಬಿಡಬಹುದಲ್ವಾ? ಗಾಜಿನ ಜಗಳವೇ ಇರುವುದಿಲ್ಲ.

ಹತ್ತಿಕಡ್ಡಿ:
ಒಳ್ಳೆ ಪ್ರಶ್ನೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಪಿಕಾಸೊನ 'ಗೆರ್ನಿಕಾ' ಮೇಲೆ ಒಬ್ಬ ಕೆಂಪು ಬಣ್ಣ ಸಿಂಪಡಿಸಿ ಮೂರು ಪದ ಬರೆದ. ಮೇಲೆ ವಾರ್ನಿಷ್ ಇತ್ತು, ಸುಲಭವಾಗಿ ಒರೆಸಿ ತೆಗೆದರು.

ಆದರೆ ಕೆಲವು ಕಲಾವಿದರಿಗೆ ಹೊಳಪು ಬೇಡ. ರಾತ್‌ಕೋ ಅವರದು ಹಾಗೆ. ತೆಳ್ಳಗೆ ಪದರದ ಮೇಲೆ ಪದರ, ಒಂದು ಕಡೆ ಮಂಕು, ಒಂದು ಕಡೆ ಸ್ವಲ್ಪ ಮಿನುಗು. ಆ ವ್ಯತ್ಯಾಸವೇ ಚಿತ್ರ. ವಾರ್ನಿಷ್ ಬಳಿದರೆ ಎಲ್ಲ ಒಂದೇ ಆಗಿಬಿಡುತ್ತದೆ. 2012ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯಲ್ಲಿ ಒಬ್ಬ ಅವರ 'ಬ್ಲ್ಯಾಕ್ ಆನ್ ಮರೂನ್' ಚಿತ್ರದ ಮೂಲೆಯಲ್ಲಿ ಮಾರ್ಕರ್ ಪೆನ್ನಿನಿಂದ ಗೀಚಿದ. ತಡೆಯಲು ಮೇಲೆ ಏನೂ ಇರಲಿಲ್ಲ, ಶಾಯಿ ಸೀದಾ ಒಳಗಿಳಿಯಿತು. ಶಾಯಿ ಕರಗಿಸುವ ದ್ರಾವಕ ರಾತ್‌ಕೋ ಬಣ್ಣವನ್ನೂ ಕರಗಿಸಿಬಿಟ್ಟರೆ? ರಾತ್‌ಕೋ ಅವರೇ 1950ರ ದಶಕದಲ್ಲಿ ತಳಬಣ್ಣ ಬಳಿದಿಟ್ಟಿದ್ದ ಒಂದು ಕ್ಯಾನ್ವಾಸನ್ನು ಅವರ ಮನೆಯವರು ಪ್ರಯೋಗಕ್ಕೆಂದು ಕೊಟ್ಟರು. ಅದರ ಮೇಲೆ ಒಂದೊಂದೇ ದ್ರಾವಕ ಪರೀಕ್ಷೆ ಮಾಡಿ ಆಮೇಲೆ ನಿಜವಾದ ಚಿತ್ರ ಮುಟ್ಟಿದರು. ಒಟ್ಟು 18 ತಿಂಗಳು. ಗೀಚಲು ಹಿಡಿದದ್ದು ಒಂದು ನಿಮಿಷವೂ ಇರಲಾರದು.

ಬೆಳಕು ಕಡಿಮೆ ಪ್ರತಿಫಲಿಸುವ ಗಾಜು ಈಗ ಇದೆ. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ, ಮೇಲೆ ವಿಶೇಷ ಲೇಪ. ಒಡೆದರೂ ಚೂರು ಪೊರೆಗೆ ಅಂಟಿಕೊಂಡಿರುತ್ತದೆ. ಆದರೆ ಬೆಲೆ ಜಾಸ್ತಿ, ತೂಕ ಜಾಸ್ತಿ. ಆಕ್ರಿಲಿಕ್ ಹಾಳೆ ಹಗುರ, ಆದರೆ ಬೇಗ ಗೀರು ಬೀಳುತ್ತದೆ. ಒರೆಸಿದಾಗ ಅದರಲ್ಲಿ ಸ್ಥಿರವಿದ್ಯುತ್ ಹುಟ್ಟಿ, ಇದ್ದಿಲು ಅಥವಾ ಪ್ಯಾಸ್ಟೆಲ್ ಚಿತ್ರದ ಪುಡಿಯನ್ನೇ ಎಳೆದುಕೊಳ್ಳಬಹುದು. ಗಾಜೂ ಪೂರ್ತಿ ನಂಬಿಕಸ್ಥ ಅಲ್ಲ. 1987ರಲ್ಲಿ ಲಿಯೊನಾರ್ಡೊ ಕಾಗದದ ಮೇಲೆ ಇದ್ದಿಲು, ಸೀಮೆಸುಣ್ಣದಲ್ಲಿ ಬರೆದ ದೊಡ್ಡ ಚಿತ್ರಕ್ಕೆ ಒಬ್ಬ ಹತ್ತಿರದಿಂದ ಗುಂಡು ಹೊಡೆದ. ಗಾಜು ಪುಡಿಯಾಗಿ ಕಾಗದಕ್ಕೇ ಪೆಟ್ಟು ಕೊಟ್ಟಿತು.

ಹಸಿರುಗೆರೆ:
ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆಸಿಡ್ ಎರಚುವವನು ಬೇರೆ, ಹವಾಮಾನದ ಬಗ್ಗೆ ಗಮನ ಸೆಳೆಯಲು ಸೂಪ್ ಎರಚುವವರು ಬೇರೆ. 2022ರ ಅಕ್ಟೋಬರ್ 14ರಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ವ್ಯಾನ್ ಗೋನ ಸೂರ್ಯಕಾಂತಿ ಚಿತ್ರಕ್ಕೆ ಟೊಮೆಟೊ ಸೂಪ್ ಎರಚಿದ ಹುಡುಗಿಯರಿಗೆ ಮುಂದೆ ಗಾಜಿದೆ ಅನ್ನುವುದು ಗೊತ್ತಿತ್ತು. ಚಿತ್ರಕ್ಕೆ ಏನೂ ಆಗಲಿಲ್ಲ, ಅದೇ ದಿನ ಮತ್ತೆ ಗೋಡೆಗೆ ಬಂತು. ಆದರೂ 2024ರಲ್ಲಿ ಒಬ್ಬಳಿಗೆ 2 ವರ್ಷ, ಇನ್ನೊಬ್ಬಳಿಗೆ 20 ತಿಂಗಳು ಜೈಲು. ಇದು ಜಾಸ್ತಿ ಆಗಲಿಲ್ವಾ?

ಪ್ರಶ್ನಾರ್ಥಕ:
ಗಾಜಿತ್ತು ಅನ್ನುವುದು ಅವರ ಪುಣ್ಯ. ಫ್ರೇಮು ಹಾಳಾಯಿತಲ್ಲ, ಅದಕ್ಕೆ ಲೆಕ್ಕವಿಲ್ವಾ? ಶಿಕ್ಷೆ ಆದ ದಿನವೇ ಬೇರೆ ಮೂವರು ಬಂದು ಅದೇ ಗ್ಯಾಲರಿಯಲ್ಲಿ ವ್ಯಾನ್ ಗೋ ಚಿತ್ರಗಳಿಗೆ ಮತ್ತೆ ಸೂಪ್ ಎರಚಿದರು. ಮುಂದಿನ ತಿಂಗಳು ಗ್ಯಾಲರಿ ಒಳಗೆ ಯಾವ ದ್ರವವನ್ನೂ ತರುವಂತಿಲ್ಲ ಅಂತ ನಿಯಮ ಮಾಡಿತು. ಮಗುವಿನ ಹಾಲು, ಡಾಕ್ಟರ್ ಬರೆದುಕೊಟ್ಟ ಔಷಧಿ ಮಾತ್ರ ಬಿಡುತ್ತಾರೆ. ನೀಲಿಶಾಯಿ ಅವರ ನೀರಿನ ಬಾಟಲಿ ಯಾಕೆ ಹೋಯಿತು ಅಂತ ಈಗ ತಿಳಿಯಿತಾ?

ಹತ್ತಿಕಡ್ಡಿ:
ಹಸಿರುಗೆರೆ, ನಿಮ್ಮ ಕಾಳಜಿ ಒಪ್ಪುತ್ತೇನೆ. ಆದರೆ ಗಾಜು ಡಬ್ಬಿ ಮುಚ್ಚಳದ ಹಾಗೆ ಅಲ್ಲ. ಗಾಜಿಗೂ ಫ್ರೇಮಿಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಬಹುದು. ಸೂಪ್ ಜಾರಿ ಕೆಳ ಅಂಚಿನಲ್ಲಿ ನಿಂತು, ದೀಪದ ಬತ್ತಿ ಎಣ್ಣೆ ಎಳೆದಂತೆ ಆ ಸಂದಿನೊಳಗೆ ಏರುತ್ತದೆ. ಎರಚುವವರಿಗೆ ಹೊರಗಿನಿಂದ ಗಾಜು ಕಾಣುತ್ತದೆ, ಸಂದು ಕಾಣುವುದಿಲ್ಲ.

ಹಸಿರುಗೆರೆ:
ಆ ಸಂದಿನ ವಿಷಯ ನನಗೆ ಗೊತ್ತಿರಲಿಲ್ಲ. ಜೈಲು ಜಾಸ್ತಿಯಾಯಿತು ಅನ್ನುವ ಮಾತನ್ನು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ಮಧ್ಯಾಹ್ನದಬಿಸಿಲು:
ಎಲ್ಲರೂ ದ್ವೇಷದ ಮಾತೇ ಆಡುತ್ತಿದ್ದೀರಿ. 2007ರಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಸೈ ಟುವೊಂಬ್ಲಿ ಅವರ ಅಚ್ಚ ಬಿಳಿ ಕ್ಯಾನ್ವಾಸಿಗೆ ಒಬ್ಬಳು ಲಿಪ್‌ಸ್ಟಿಕ್ ಹಚ್ಚಿದ ತುಟಿಯಿಂದ ಮುತ್ತು ಕೊಟ್ಟಳು. ಪ್ರೀತಿಯಿಂದ ಮಾಡಿದ್ದು ಅಂದಳು. ಕೋರ್ಟು ಚಿತ್ರದ ಒಡೆಯರಿಗೆ 1000 ಯೂರೊ, ಕಲಾವಿದರಿಗೆ ಬರೀ 1 ಯೂರೊ ಕೊಡಿಸಿತು. ಲಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಇರುತ್ತದಲ್ಲ, ಹೋಗಿಸುವುದು ಭಾರೀ ಕಷ್ಟವಾಯಿತಂತೆ. ಪ್ರೀತಿಸುವವರನ್ನು ಬಾಗಿಲಲ್ಲಿ ಯಾವ ಸ್ಕ್ಯಾನರ್ ಹಿಡಿಯುತ್ತದೆ?

ಸೋಮಾರಿಓದುಗ:
ನನ್ನ ಹತ್ತಿರ ಒಂದು ಉಪಾಯ ಇದೆ. ಅಸಲಿ ಒಳಗಿಡಿ, ನಕಲಿ ತೂಗುಹಾಕಿ. ಎರಚಿಕೊಳ್ಳಲಿ.

ಪ್ರಶ್ನಾರ್ಥಕ:
ಫ್ಲಾರೆನ್ಸಿನಲ್ಲಿ ಅದನ್ನೇ ಮಾಡಿದ್ದಾರೆ. ಮೈಕೆಲೇಂಜಲೋನ 'ಡೇವಿಡ್' ಮೂರ್ತಿಯನ್ನು 1873ರಲ್ಲಿ ಚೌಕದಿಂದ ಒಳಗೆ ಸಾಗಿಸಿದರು. 1910ರಿಂದ ಹೊರಗೆ ನಿಂತಿರುವುದು ನಕಲು. 1991ರಲ್ಲಿ ಒಬ್ಬ ಒಳಗಿನ ಅಸಲಿಗೇ ಹೋಗಿ ಎಡಗಾಲಿನ ಬೆರಳಿಗೆ ಸುತ್ತಿಗೆಯಿಂದ ಹೊಡೆದ.

ಸೋಮಾರಿಓದುಗ:
ಹೋಗ್ಲಿ ಬಿಡಿ, ಉಪಾಯ ವಾಪಸ್.

ಮಧ್ಯಾಹ್ನದಬಿಸಿಲು:
ಇನ್ನೊಂದು ವಿಷಯ. ಇಷ್ಟೊತ್ತು ಯಾರೂ ಎರಚಿದವರ, ಕುಯ್ದವರ ಹೆಸರು ಬರೆದಿಲ್ಲ. ಬೇಕಂತಲೇ ಬಿಟ್ಟಿದ್ದೀರೋ ಏನೋ, ನನಗೆ ಹಿಡಿಸಿತು. ಕ್ರಿಸ್ತಪೂರ್ವ 356ರಲ್ಲಿ ಎಫೆಸಸ್ ಅನ್ನುವ ಹಳೆಯ ಗ್ರೀಕ್ ಊರಿನಲ್ಲಿ ಆರ್ಟೆಮಿಸ್ ದೇವತೆಯ ಗುಡಿಗೆ ಒಬ್ಬ ಬೆಂಕಿ ಇಟ್ಟ. ಯಾಕೆ ಅಂದರೆ ಹೆಸರು ಉಳಿಯಲಿ ಅಂತ. ಅವನ ಹೆಸರನ್ನು ಯಾರೂ ಎತ್ತಬಾರದು ಅಂತ ಊರಿನವರು ಕಟ್ಟಪ್ಪಣೆ ಮಾಡಿದರು. ಒಬ್ಬ ಇತಿಹಾಸಕಾರ ಬರೆದಿಟ್ಟುಬಿಟ್ಟ. ಈಗ ಗುಡಿ ಕಟ್ಟಿದವರ ಹೆಸರಿಗಿಂತ ಅವನ ಹೆಸರೇ ಜನಕ್ಕೆ ಜಾಸ್ತಿ ಗೊತ್ತು.

ಹಗಲುಪಾಳಿ:
ನಾನಂತೂ ಬೇಕಂತಲೇ ಬಿಟ್ಟಿದ್ದೇನೆ.

ನಿಯಮಗಳ ಬಗ್ಗೆ ಒಂದು ಮಾತು. 1914ರ ಆ ಘಟನೆ ಆದ ಮೇಲೆ ಗ್ಯಾಲರಿ ಎರಡು ವಾರ ಬಾಗಿಲು ಹಾಕಿತು. ಬ್ರಿಟಿಷ್ ಮ್ಯೂಸಿಯಂ ಏನು ಮಾಡಿತು ಗೊತ್ತಾ? ಹೆಂಗಸರು ಬರಬೇಕಾದರೆ ಜೊತೆಗೆ ಒಬ್ಬ ಗಂಡಸು ಬಂದು ಹೊಣೆ ಹೊರಬೇಕು, ಇಲ್ಲ ಅಂದರೆ ಶಿಫಾರಸು ಪತ್ರ ತರಬೇಕು ಅಂದಿತು. ನೆಗಡಿ ಬಂತು ಅಂತ ಮೂಗು ಕುಯ್ದುಕೊಳ್ಳುವುದು ಇದೇ. ತಡೆಗಂಬ ಹಾಕಿದರೆ? 2018ರಲ್ಲಿ ಮಾಸ್ಕೋದ ಟ್ರೆಟ್ಯಕೋವ್ ಗ್ಯಾಲರಿಯಲ್ಲಿ ರೇಪಿನ್ ಬರೆದ ಇವಾನ್ ದೊರೆಯ ಚಿತ್ರದ ಗಾಜನ್ನು ಒಬ್ಬ ಒಡೆದದ್ದು ಯಾವುದರಿಂದ ಅಂದರೆ, ಜನ ಹತ್ತಿರ ಬರದಿರಲಿ ಅಂತ ನಿಲ್ಲಿಸಿದ್ದ ಅದೇ ಲೋಹದ ಕಂಬದಿಂದ. ಕ್ಯಾನ್ವಾಸ್ ಮೂರು ಕಡೆ ಹರಿಯಿತು. ಆ ಸುದ್ದಿ ಓದಿದ ಮೇಲೆ ನಮ್ಮ ಕಂಬಗಳನ್ನು ನಾನೇ ಒಂದೊಂದಾಗಿ ಎತ್ತಿ ನೋಡಿದೆ. ಒಂದು ಕೈಯಲ್ಲಿ ಎತ್ತಬಹುದಿತ್ತು. ಈಗ ನೆಲಕ್ಕೆ ಕಚ್ಚಿಸಿದ್ದಾರೆ.

ನೀಲಿಶಾಯಿ, ನಿಮಗೊಂದು ಮಾತು. ಒಂದು ಕೋಣೆಯಲ್ಲಿ ದಿನವಿಡೀ ನಿಲ್ಲುವವರಿಗೆ ಯಾವ ಹೊತ್ತಿನಲ್ಲಿ ಯಾವ ಗಾಜಿನ ಮೇಲೆ ಏನು ಬೀಳುತ್ತದೆ ಅನ್ನುವುದು ಬಾಯಿಪಾಠ ಆಗಿರುತ್ತದೆ. ನಮ್ಮನ್ನು ಜನ ಕೇಳುವುದು ಎರಡೇ, ಶೌಚಾಲಯ ಎಲ್ಲಿ, ಹೊರಗೆ ಹೋಗುವ ದಾರಿ ಎಲ್ಲಿ. ಇನ್ನೊಮ್ಮೆ ಹೋದರೆ ಗಾರ್ಡನ್ನು ಕೇಳಿ ನೋಡಿ.

ನೀಲಿಶಾಯಿ:
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹೋಗಿದ್ದೆ. ಅದೇ ಚಿತ್ರ, ಅದೇ ಗಾಜು, ಅದೇ ನನ್ನ ಮುಖ. ಮೂಲೆಯಲ್ಲಿ ವಯಸ್ಸಾದ ಗಾರ್ಡ್ ಒಬ್ಬರು ನಿಂತಿದ್ದರು. ನನ್ನ ಕೈಯನ್ನೇ ನೋಡುತ್ತಿದ್ದರು! ನಗು ಬಂತು. ಹೋಗಿ, "ಇದು ಸರಿಯಾಗಿ ಕಾಣಬೇಕಾದರೆ ಎಲ್ಲಿ ನಿಲ್ಲಬೇಕು?" ಅಂದೆ. ಅವರು ಒಂದು ಕ್ಷಣ ಸುಮ್ನೆ ನೋಡಿದರು. ಆಮೇಲೆ ನನ್ನನ್ನು ಎರಡು ಹೆಜ್ಜೆ ಎಡಕ್ಕೆ ಕರೆದುಕೊಂಡು ಹೋಗಿ, "ಇಲ್ಲಿ. ಸ್ವಲ್ಪ ಮಂಡಿ ಬಗ್ಗಿಸಿ" ಅಂದರು. ಬಗ್ಗಿಸಿದೆ. ಕಿಟಕಿ ಗಾಜಿನಿಂದ ಜಾರಿಹೋಯಿತು. ಕಪ್ಪು ಭಾಗದಲ್ಲಿ ಒಂದು ನಾಯಿ ಮಲಗಿತ್ತು. ಕಳೆದ ಸಲ ನನಗೆ ಅದು ಕಂಡೇ ಇರಲಿಲ್ಲ.

"ಮೂರು ಗಂಟೆಯ ಮೇಲೆ ಬಂದರೆ ಅದರ ಬಾಲವೂ ಕಾಣುತ್ತದೆ" ಅಂದರು.

ಸೋಮಾರಿಓದುಗ:
ಬಾಲ ಕಂಡಿತಾ?

ನೀಲಿಶಾಯಿ:
ಮೂರೂವರೆವರೆಗೆ ಕಾದೆ. ಕಂಡಿತು.